ಕೂಸಳ್ಳಿ ಜಲಪಾತಕ್ಕೆ ಒಂದು ದಿನದ ಚಾರಣ: ಯಾವಾಗ ಹೋಗಬೇಕು, ಎಲ್ಲಿಂದ ಹಿಂದಿರುಗಬೇಕು?

ಸುರತ್ಕಲ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ಬೈಂದೂರು ತಾಲ್ಲೂಕಿನ ಕೂಸಳ್ಳಿ ಜಲಪಾತಕ್ಕೆ ಒಂದು ಭಾನುವಾರ ನಸುಕಿನಲ್ಲಿ ಹೊರಟು, ಹೊಳೆಯ ಕೊರಕಲಿನಲ್ಲಿ ನಡೆದು, ಅದೇ ರಾತ್ರಿ ಮನೆ ಸೇರಬೇಕೆಂದು ನಮ್ಮ ಕಚೇರಿಯವರು ಯೋಚಿಸಿದ್ದೇವೆ. ಒಟ್ಟು 9 ಮಂದಿ. ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಜೊತೆಗೆ ಸಹೋದ್ಯೋಗಿಯೊಬ್ಬರ 13 ವರ್ಷದ ಮಗ ಮತ್ತು ನನ್ನ ಚಿಕ್ಕಪ್ಪ ಬರುತ್ತಾರೆ. ಚಿಕ್ಕಪ್ಪನಿಗೆ 62 ವರ್ಷ. ಪಣಂಬೂರು ಕಡಲ ತೀರದಲ್ಲಿ ದಿನವೂ ನಡೆಯುವವರು, ಆದರೆ ಇಳಿಜಾರಿನಲ್ಲಿ ಮೊಣಕಾಲು ತಕರಾರು ಮಾಡುತ್ತದೆ.

ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಆಗಸ್ಟ್ ತಿಂಗಳಲ್ಲಿ ಹೋದರೆ ಮಾತ್ರ ಜಲಪಾತ ತುಂಬಿ ಹರಿಯುವುದನ್ನು ಕಾಣಬಹುದು ಎಂಬುದು ಕೆಲವರ ವಾದ. ದೀಪಾವಳಿ ಕಳೆಯಲಿ ಎಂಬುದು ನನ್ನ ಅಭಿಪ್ರಾಯ. ಆ ಕಡೆಯ ಪರಿಚಯವಿರುವವರು ಕಾಲ, ದಾರಿ, ಅನುಮತಿ ಮತ್ತು ತೆಗೆದುಕೊಂಡು ಹೋಗಬೇಕಾದ ಸಾಮಾನುಗಳ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ.

ಬೈಂದೂರು ಕಡೆಯವ:

ಮೊದಲು ಒಂದು ಎಚ್ಚರಿಕೆ: ಮೊಬೈಲ್ ನಕ್ಷೆಯಲ್ಲಿ ‘ಶಿರೂರು’ ಎಂದು ಹಾಕಿ ಹೊರಟರೆ ಅದು ತಮ್ಮನ್ನು ಅಂಕೋಲಾದ ಶಿರೂರಿಗೂ ಕರೆದೊಯ್ದೀತು. 2024ರ ಜುಲೈಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಅಲ್ಲಿ. ಅದು ಉತ್ತರ ಕನ್ನಡ. ಕೂಸಳ್ಳಿಗೆ ಹತ್ತಿರದ ನಮ್ಮ ಶಿರೂರು ಬೈಂದೂರಿನ ನಂತರ, ಭಟ್ಕಳಕ್ಕಿಂತ ಮೊದಲು ಸಿಗುತ್ತದೆ. ಆದ್ದರಿಂದ ನಡಿಗೆ ಶುರುವಾಗುವ ತೂದಳ್ಳಿ ಎಂಬ ಊರಿನ ಹೆಸರನ್ನೇ ಹಾಕಿಕೊಳ್ಳಿ. ಮಂಗಳೂರಿನಿಂದ ಬೈಂದೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಚ್ಚುಕಡಿಮೆ 125 ಕಿ.ಮೀ. ಆಗುತ್ತದೆ, ಅಲ್ಲಿಂದ ಮುಂದೆ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಘಟ್ಟದ ಬುಡದ ಕಡೆಗೆ ತಿರುಗಬೇಕು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣವಿದೆ. ಆದರೆ ಅಲ್ಲಿಂದ ಊರಿನ ತನಕ ರಿಕ್ಷಾ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಸಂಜೆಯ ರೈಲಿಗೆ ಓಡುವ ಅವಸರ ಹೊಳೆಯಲ್ಲಿ ನಡೆಯುವವರಿಗೆ ಒಳ್ಳೆಯದಲ್ಲ.

ಕೂಸಳ್ಳಿ ಒಂದೇ ಧುಮುಕು ಅಲ್ಲ. ಘಟ್ಟದ ಗೋಡೆಯಿಂದ ಹಂತ ಹಂತವಾಗಿ ಇಳಿಯುವ ನೀರು. ಊರು ಬಿಟ್ಟ ಮೇಲೆ ಸ್ವಲ್ಪ ದೂರ ಕಾಡಿನ ಕಾಲುದಾರಿ, ಆಮೇಲೆ ಹೊಳೆಯ ಪಾತ್ರವೇ ದಾರಿ. ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ನೀರು, ನಡುವೆ ಗುಂಡಿಗಳು. ಕೆಳಗಿನ ಹಂತಗಳನ್ನು ನೋಡಿ ಹಿಂದಿರುಗಿದರೆ ಅದೇ ಒಂದು ಪೂರ್ಣ ದಿನದ ಚಾರಣ. ಮೇಲಿನ ಹಂತಗಳಿಗೆ ಬದಿಯ ಕಡಿದಾದ ದರೆಯನ್ನು ಬೇರು ಹಿಡಿದು ಏರಬೇಕು. ಬಾಲಕನಿಗೂ ತಮ್ಮ ಚಿಕ್ಕಪ್ಪನವರಿಗೂ ಅದು ಬೇಡವೆಂದು ಖಂಡಿತವಾಗಿ ಹೇಳುತ್ತೇನೆ.

ಆಗಸ್ಟ್ ತಿಂಗಳ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಆಗ ಹೊಳೆಯ ಪಾತ್ರವೆಂಬ ದಾರಿಯೇ ಇರುವುದಿಲ್ಲ.

ಕಾರ್ಕಳದ ಚಾರಣಿಗ:

ಬೈಂದೂರಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುವುದು ನನಗೆ ಕಷ್ಟ. ಪಶ್ಚಿಮ ಘಟ್ಟದ ಜಲಪಾತವನ್ನು ಡಿಸೆಂಬರ್‌ನಲ್ಲಿ ನೋಡಿ, ಸಪೂರ ನೀರಿನ ಎಳೆಯೊಂದರ ಛಾಯಾಚಿತ್ರ ತೆಗೆದುಕೊಂಡು ಬರುವುದರಲ್ಲಿ ಏನು ಸುಖವಿದೆ? ಅನುಭವಿಗಳು ಜೊತೆಗಿದ್ದು, ಹಗ್ಗ ಮತ್ತು ಲೈಫ್ ಜಾಕೆಟ್ ಇದ್ದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೋಗಬಹುದೆಂಬುದು ನನ್ನ ಅನಿಸಿಕೆ. ಮಳೆಗಾಲದ ಚಾರಣವೆಂದರೆ ಅಪಾಯ ಎಂದು ಎಲ್ಲದಕ್ಕೂ ಬಾಗಿಲು ಹಾಕುತ್ತಾ ಹೋದರೆ ನಾವು ಮನೆಯಲ್ಲೇ ಕುಳಿತಿರಬೇಕಾಗುತ್ತದೆ.

ಹೆಬ್ರಿಯ ನಿವೃತ್ತ ಶಿಕ್ಷಕ:

ಕಾರ್ಕಳದವರ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಚರ್ಚೆಯಾಗಬೇಕಾದದ್ದು ಧೈರ್ಯದ ವಿಷಯವಲ್ಲ, ಘಟ್ಟದ ಹೊಳೆಗಳ ಸ್ವಭಾವ. ಸೀತಾನದಿಯ ದಂಡೆಯಲ್ಲಿ ಬೆಳೆದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರಿಸಬಾರದು.

ನೇತ್ರಾವತಿಯಂತಹ ದೊಡ್ಡ ನದಿ ಬಯಲಿಗೆ ಬಂದ ಮೇಲೆ ನಿಧಾನವಾಗಿ ಏರುತ್ತದೆ. ಬಂಟ್ವಾಳದಲ್ಲಿ ನೀರಿನ ಮಟ್ಟ ಎಷ್ಟಾಯಿತೆಂದು ಜನ ಗಂಟೆಗೊಮ್ಮೆ ಹೋಗಿ ನೋಡಿ ಬರುವಷ್ಟು ಸಮಯವಿರುತ್ತದೆ. ಘಟ್ಟದ ಪಶ್ಚಿಮ ಮುಖದ ಹೊಳೆಗಳು ಹಾಗಲ್ಲ. ಇವುಗಳಿಗೆ ನೀರು ಕೊಡುವ ಪ್ರದೇಶ ಚಿಕ್ಕದು, ಇಳಿಜಾರು ತೀವ್ರ, ಕೆಳಗೆ ಗಟ್ಟಿ ಬಂಡೆ. ಜೂನ್, ಜುಲೈ ತಿಂಗಳಲ್ಲಿ ಮಣ್ಣು ಕುಡಿಯುವಷ್ಟು ನೀರನ್ನು ಕುಡಿದು ಮುಗಿಸಿರುತ್ತದೆ. ಆಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ನೇರವಾಗಿ ಹೊಳೆಗೇ ಇಳಿಯುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆಯಾದರೆ ಘಟ್ಟದ ತಲೆಯ ಮೇಲಿರುವ ಆಗುಂಬೆಯಲ್ಲಿ 7000 ಮಿ.ಮೀ. ದಾಟುತ್ತದೆ. ಕೊರಕಲಿನಲ್ಲಿ ನಿಂತವನ ತಲೆಯ ಮೇಲೆ ಬಿಸಿಲಿದ್ದರೂ ಅವನ ಕಾಲ ಕೆಳಗಿನ ನೀರು ಘಟ್ಟದ ಮೇಲಿನ ಮಳೆಯ ಲೆಕ್ಕದಲ್ಲಿ ಏರುತ್ತದೆ ಎಂಬುದನ್ನು ಮರೆಯಬಾರದು. ಏರಲು ಗಂಟೆಗಳು ಬೇಕಾಗಿಲ್ಲ, ನಿಮಿಷಗಳು ಸಾಕು.

ನೀರು ಏರುವ ಮೊದಲು ಕೆಲವು ಸೂಚನೆಗಳನ್ನು ಕೊಡುತ್ತದೆ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುವುದು, ದಡದಲ್ಲಿ ಒಣಗಿ ಬಿದ್ದಿದ್ದ ತರಗೆಲೆ ಮತ್ತು ಪುಳ್ಳೆಗಳು ಗುಂಪಾಗಿ ತೇಲಿ ಬರುವುದು, ಜಲಪಾತದ ಸದ್ದು ಇದ್ದಕ್ಕಿದ್ದಂತೆ ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಚೀಲ ಹುಡುಕುತ್ತಾ ನಿಲ್ಲದೆ ದರೆಯ ಮೇಲಕ್ಕೆ ಹೋಗಬೇಕು. ಬಂದ ದಾರಿಯಲ್ಲಿ ಕೆಳಕ್ಕೆ ಓಡಬಾರದು, ಏಕೆಂದರೆ ನೀರು ಬರುವುದೂ ಅದೇ ದಾರಿಯಲ್ಲಿ. ಊಟಕ್ಕೆ ಕುಳಿತಾಗ ನೀರಿನ ಅಂಚಿನಲ್ಲಿ ಒಂದು ಕಡ್ಡಿ ಊರಿ ಇಡಿ. ಕಡ್ಡಿಯ ಬುಡ ಮುಳುಗಿದರೆ ಊಟ ಮುಗಿದಂತೆ.

ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಬೇಸಿಗೆಯಲ್ಲಿ ಹೊಳೆಯ ನಡುವೆ ನಿಂತು ತಲೆ ಎತ್ತಿ ನೋಡಿದರೆ ದಡದ ಮರಗಳ ಕೊಂಬೆಗಳಲ್ಲಿ ಬಿದಿರಿನ ತುಂಡು, ಬೇರು, ಕಸ, ಕೆಲವೊಮ್ಮೆ ಹರಿದ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುವುದು ಕಾಣುತ್ತದೆ. ಆಳೆತ್ತರಕ್ಕಿಂತ ಮೇಲೆ. ಅದನ್ನು ಅಲ್ಲಿಟ್ಟದ್ದು ಆಗಸ್ಟಿನ ಹೊಳೆ. ಕಾರ್ಕಳದವರು ಹೇಳಿದ ಹಗ್ಗವಾಗಲಿ ಲೈಫ್ ಜಾಕೆಟ್ ಆಗಲಿ ಆ ನೀರಿಗೆ ಸಮವಲ್ಲ.

ಕಾರ್ಕಳದ ಚಾರಣಿಗ:

ಮೇಷ್ಟ್ರೇ, ಆಗಸ್ಟಿನ ಬಗ್ಗೆ ತಮ್ಮ ಮಾತನ್ನು ಒಪ್ಪಿದೆ. ಆದರೆ ದೀಪಾವಳಿಯ ಹೊತ್ತಿಗೂ ಮಧ್ಯಾಹ್ನ ಗುಡುಗು ಮಳೆ ಬರುತ್ತದಲ್ಲ? ಹಾಗಾದರೆ ಅದು ಮಾತ್ರ ಸುರಕ್ಷಿತ ಹೇಗೆ?

ಹೆಬ್ರಿಯ ನಿವೃತ್ತ ಶಿಕ್ಷಕ:

ಪ್ರಶ್ನೆ ಸರಿಯಾಗಿದೆ. ಅಕ್ಟೋಬರ್ ಮತ್ತು ನವೆಂಬರ್ ಮೊದಲ ಭಾಗದ ಹಿಂಗಾರು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಗ್ಗೆ ಸ್ವಚ್ಛ ಆಕಾಶ, ಎರಡು ಗಂಟೆಗೆ ಘಟ್ಟದ ನೆತ್ತಿಯಲ್ಲಿ ಕಪ್ಪು ಮೋಡ, ನಾಲ್ಕಕ್ಕೆ ಸಿಡಿಲು. ಆದ್ದರಿಂದ ನನ್ನ ಸಲಹೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ. ಆಗ ನೀರು ಇನ್ನೂ ಸಾಕಷ್ಟು ಇರುತ್ತದೆ. ಸಪೂರ ಎಳೆಯಾಗುವುದು ಫೆಬ್ರವರಿಯ ನಂತರ. ಯಾವ ತಿಂಗಳಾದರೂ ಮಧ್ಯಾಹ್ನ ಒಂದು ಗಂಟೆಯ ನಂತರ ಕೊರಕಲಿನ ಇಕ್ಕಟ್ಟಾದ ಭಾಗದಲ್ಲಿ ಇರಬಾರದೆಂದು ನಿಯಮ ಮಾಡಿಕೊಳ್ಳಿ.

ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಉಡುಪಿಗೆ ಮಾತ್ರ ನೋಡಿದರೆ ಸಾಲದು, ಶಿವಮೊಗ್ಗ ಜಿಲ್ಲೆಗೂ ನೋಡಬೇಕು. ಹಳದಿ ಎಚ್ಚರಿಕೆಯೆಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು ಮಳೆಯಾಗುವ ಸಂಭವ. ಪೇಟೆಯಲ್ಲಿರುವವರಿಗೆ ಅದು ಕೊಡೆ ಹಿಡಿಯುವ ಮಾತು. ಕೊರಕಲಿಗೆ ಹೋಗುವವರಿಗೆ ಕಾರ್ಯಕ್ರಮ ಮುಂದೂಡುವ ಮಾತು. ಸಿಡಿಲಿನ ಸೂಚನೆಗೆ ‘ದಾಮಿನಿ’ ಎಂಬ ಸರ್ಕಾರಿ ಆ್ಯಪ್ ಇದೆ, ಆದರೆ ಸಿಗ್ನಲ್ ಇಲ್ಲದಲ್ಲಿ ಅದು ಕೆಲಸ ಮಾಡುವುದಿಲ್ಲ. ಹೆದ್ದಾರಿ ಬಿಡುವ ಮೊದಲೇ ನೋಡಿಕೊಳ್ಳಿ.

ಸುರತ್ಕಲ್ ನಿವಾಸಿ:

ಮೇಷ್ಟ್ರಿಗೆ ಕೃತಜ್ಞತೆಗಳು. ಆಗಸ್ಟಿನ ಪಕ್ಷದವರಿಗೆ ಈ ಬರಹವನ್ನು ಓದಿಸಿದೆ. ಅವರು ಈಗ ಡಿಸೆಂಬರ್ ಮೊದಲ ಭಾನುವಾರಕ್ಕೆ ಒಪ್ಪಿದ್ದಾರೆ. ಮುಂದಿನ ಸಂದೇಹ ಹೊಳೆ ದಾಟುವ ಬಗ್ಗೆ. ನಮ್ಮಲ್ಲಿ ಒಬ್ಬರು 30 ಮೀಟರ್ ಹಗ್ಗ ತರುತ್ತೇನೆಂದಿದ್ದಾರೆ. ಎಲ್ಲರೂ ಸೊಂಟಕ್ಕೆ ಕಟ್ಟಿಕೊಂಡು ಸಾಲಾಗಿ ದಾಟುವುದು ಸರಿಯೇ? ಕಾಲಿಗೆ ಏನು ಹಾಕಿಕೊಳ್ಳಬೇಕು? ಗುಂಡಿಯಲ್ಲಿ ಈಜಬಹುದೇ?

ಪಣಂಬೂರಿನ ಈಜುಗಾರ್ತಿ:

ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲೇಬಾರದು. ಹರಿಯುವ ನೀರಿನಲ್ಲಿ ಕಾಲು ಜಾರಿದವನನ್ನು ಹಗ್ಗ ಒಂದು ಕಡೆ ಹಿಡಿದು ನಿಲ್ಲಿಸಿದರೆ, ನೀರಿನ ಒತ್ತಡ ಅವನನ್ನು ಕೆಳಕ್ಕೆ ಮುಳುಗಿಸುತ್ತದೆ. ಗಂಟು ಬಿಚ್ಚಲು ಆಗುವುದಿಲ್ಲ, ಒಬ್ಬ ಬಿದ್ದರೆ ಜೊತೆಗಿದ್ದವರನ್ನೂ ಎಳೆಯುತ್ತಾನೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿನ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಮೊಣಕಾಲು ದಾಟಿದರೆ ಆ ಜಾಗದಲ್ಲಿ ದಾಟುವುದು ಬೇಡ. ಮೇಲೆ ಕೆಳಗೆ ನಡೆದು ಹೊಳೆ ಅಗಲವಾಗಿ ಹರಡಿಕೊಂಡಿರುವ ಜಾಗ ಹುಡುಕಿ. ಅಗಲವಾದಲ್ಲಿ ಆಳವೂ ವೇಗವೂ ಕಡಿಮೆ. ದಾಟುವಾಗ ಮೇಲಿನಿಂದ ಬರುವ ನೀರಿಗೆ ಮುಖ ಮಾಡಿ, ಗಟ್ಟಿ ಕೋಲೊಂದನ್ನು ಮುಂದೆ ಊರಿ, ಅಡ್ಡಡ್ಡವಾಗಿ ಹೆಜ್ಜೆ ಹಾಕಬೇಕು. ಬೆನ್ನಿನ ಚೀಲದ ಸೊಂಟದ ಪಟ್ಟಿಯನ್ನು ಬಿಚ್ಚಿಟ್ಟಿರಿ, ಬಿದ್ದರೆ ಚೀಲವನ್ನು ಬಿಟ್ಟುಬಿಡಲು ಸಾಧ್ಯವಾಗಬೇಕು. ಹಗ್ಗ ಇರಲಿ, ಆದರೆ ದಡದಿಂದ ಎಸೆಯುವುದಕ್ಕೆ.

ಕಾಲಿಗೆ ಹವಾಯಿ ಚಪ್ಪಲಿ ಬೇಡ, ದಪ್ಪ ಚರ್ಮದ ಬೂಟೂ ಬೇಡ. ಹಿಂದೆ ಪಟ್ಟಿಯಿರುವ, ನೀರು ಸೋರಿಹೋಗುವ, ಮೆತ್ತನೆ ರಬ್ಬರ್ ಅಡಿಯ ಪಾದರಕ್ಷೆ ಸಾಕು. ಬೂದು ಬಣ್ಣದ ಒಣ ಬಂಡೆ ಕಾಲು ಹಿಡಿಯುತ್ತದೆ. ಕಪ್ಪಗೆ ಹೊಳೆಯುವ ಬಂಡೆಯ ಮೇಲೆ ಹಾವಸೆ ಇರುತ್ತದೆ, ಅದರ ಮೇಲೆ ಎಂತಹ ಪಾದರಕ್ಷೆಯೂ ನಿಲ್ಲುವುದಿಲ್ಲ. ಘಟ್ಟದ ಪಶ್ಚಿಮ ಬುಡದಲ್ಲಿ ಬಿಸಿಲು ತಡವಾಗಿ ಇಳಿಯುವುದರಿಂದ ಬೆಳಗ್ಗೆ ಒಣಗಿದಂತೆ ಕಾಣುವ ಬಂಡೆಯೂ ಹತ್ತು ಗಂಟೆಯವರೆಗೆ ಇಬ್ಬನಿಯಿಂದ ಜಾರುತ್ತಿರುತ್ತದೆ.

ಈಜಿನ ಬಗ್ಗೆ: ಜಲಪಾತದ ನೇರ ಕೆಳಗಿನ ಗುಂಡಿಗೆ ಯಾರೂ ಇಳಿಯಬಾರದು. ಮೇಲಿಂದ ಬೀಳುವ ನೀರು ತಳಕ್ಕೆ ಹೋಗಿ, ಮತ್ತೆ ಮೇಲೆ ಬಂದು, ಜಲಪಾತದ ಕಡೆಗೇ ಸೆಳೆಯುತ್ತದೆ. ಜೊತೆಗೆ ಅಲ್ಲಿನ ನೀರಿನಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ದೇಹ ಸರಿಯಾಗಿ ತೇಲುವುದಿಲ್ಲ. ಕಡಲಿನಲ್ಲಿ ಚೆನ್ನಾಗಿ ಈಜುವವರೇ ಹೆಚ್ಚಾಗಿ ಇಲ್ಲಿ ಮೋಸ ಹೋಗುತ್ತಾರೆ, ಏಕೆಂದರೆ ಉಪ್ಪುನೀರು ಎತ್ತಿ ಹಿಡಿದಷ್ಟು ಸಿಹಿನೀರು ಎತ್ತಿ ಹಿಡಿಯುವುದಿಲ್ಲ. ಸ್ವಲ್ಪ ಕೆಳಗೆ, ತಳ ಕಾಣುವ, ಎದೆಯ ಮಟ್ಟ ಮೀರದ ನೀರಿನಲ್ಲಿ ಮುಳುಗಿ ಏಳುವುದಕ್ಕೆ ಅಡ್ಡಿಯಿಲ್ಲ. ಮೇಲಿನಿಂದ ಹಾರುವುದಂತೂ ಬೇಡವೇ ಬೇಡ.

ಬೈಂದೂರು ಕಡೆಯವ:

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಿಶಿನಗುಂಡಿಯಲ್ಲಿ, ಬಂಡೆಯ ಅಂಚಿನಲ್ಲಿ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದದ್ದನ್ನು ತಾವೆಲ್ಲ ನೋಡಿರುತ್ತೀರಿ. ಆತ ಈಜುತ್ತಿರಲಿಲ್ಲ, ಹೊಳೆ ದಾಟುತ್ತಲೂ ಇರಲಿಲ್ಲ, ಸುಮ್ಮನೆ ನಿಂತಿದ್ದ. ಬಂಡೆಯ ತುದಿಯಲ್ಲಿ ನಿಂತು ಫೋಟೊ ತೆಗೆಯುವುದಿಲ್ಲವೆಂದು ಹೊರಡುವ ಮೊದಲೇ 9 ಮಂದಿಯೂ ಒಪ್ಪಿಕೊಳ್ಳಬೇಕು.

ಅನುಮತಿಯ ವಿಷಯ. ಕಾಡಿನೊಳಗಿನ ದಾರಿಯಾದ್ದರಿಂದ ಅರಣ್ಯ ಇಲಾಖೆಯ ಬೈಂದೂರು ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಹೆಸರು ಮತ್ತು ವಾಹನದ ವಿವರ ಕೊಟ್ಟು ಬನ್ನಿ. ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ, ಅವರ ದಿನದ ಸಂಬಳವನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಿ. ಹೊಳೆಯಲ್ಲಿ ಕಾಲುದಾರಿಯ ಗುರುತು ಪ್ರತಿ ಮಳೆಗಾಲ ಅಳಿಸಿಹೋಗುತ್ತದೆ. ಕಳೆದ ವರ್ಷ ಹೋಗಿ ಬಂದವರ ವಿಡಿಯೊ ನೋಡಿ ನಡೆಯುವುದು ನಂಬುವ ಕೆಲಸವಲ್ಲ.

ಮಣಿಪಾಲದ ವೈದ್ಯೆ:

ಹೊಳೆ, ಬಂಡೆಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳ ಬಗ್ಗೆ ನಾನು ಬರೆಯುತ್ತೇನೆ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಘಟ್ಟದ ಎರಡೂ ಬದಿಯ ಕಾಡಂಚಿನಲ್ಲಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ಅಂದರೆ ನೀರಿನ ದೃಷ್ಟಿಯಿಂದ ತಾವು ಆರಿಸಿಕೊಂಡ ಸುರಕ್ಷಿತ ತಿಂಗಳಿನಲ್ಲೇ ಇದು ಶುರುವಾಗುತ್ತದೆ. ಹರಡುವುದು ಉಣ್ಣಿಯ ಮರಿಗಳಿಂದ. ಅವು ಎಳ್ಳಿನ ಕಾಳಿಗಿಂತಲೂ ಚಿಕ್ಕವು, ಕಚ್ಚಿದ್ದು ಗೊತ್ತಾಗುವುದಿಲ್ಲ. ಉದ್ದ ತೋಳಿನ ಅಂಗಿ ಮತ್ತು ಕಾಲುಚೀಲದ ಒಳಗೆ ಸೇರಿಸಿದ ಪ್ಯಾಂಟು ಧರಿಸಿ. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಹಂಚುವ ಡೆಪಾ ತೈಲ ಸಿಕ್ಕಿದರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕುಳಿತು ಊಟ ಮಾಡಬೇಡಿ, ಬಂಡೆಯ ಮೇಲೆ ಕುಳಿತುಕೊಳ್ಳಿ. ಆ ಪರಿಸರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ವಾರ ಹೋಗಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು.

ಎರಡನೆಯದು ಇಲಿ ಜ್ವರ. ಕರಾವಳಿಯವರಿಗೆ ಇದು ಗದ್ದೆ ಕೆಲಸ ಮಾಡುವವರ ಕಾಯಿಲೆ ಎಂಬ ಭಾವನೆಯಿದೆ, ಆದರೆ ಕಾಲಿನಲ್ಲಿ ಗಾಯವಿಟ್ಟುಕೊಂಡು ಹೊಳೆಯಲ್ಲಿ ನಡೆಯುವ ಯಾರಿಗಾದರೂ ಬರಬಹುದು. ಹೋಗಿ ಬಂದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ಯಾರಸಿಟಮಾಲ್ ನುಂಗಿ ಕೂರದೆ ವೈದ್ಯರ ಬಳಿ ಹೋಗಿ, ಹೊಳೆಯಲ್ಲಿ ನಡೆದಿದ್ದೆವೆಂದು ಬಾಯಿ ಬಿಟ್ಟು ಹೇಳಿ. ಅದನ್ನು ಹೇಳದಿದ್ದರೆ ನಮಗೆ ಹೊಳೆಯುವುದು ಡೆಂಗಿ, ಮಲೇರಿಯಾ. ಮುನ್ನೆಚ್ಚರಿಕೆಯ ಮಾತ್ರೆಯ ಅಗತ್ಯ ಇದೆಯೇ ಎಂಬುದನ್ನು ತಮ್ಮ ವೈದ್ಯರೇ ನಿರ್ಧರಿಸಲಿ.

ಹಾವುಗಳ ಪೈಕಿ ಹೊಳೆಯ ಬದಿಯ ಬಂಡೆ ಮತ್ತು ಪೊದೆಗಳಲ್ಲಿ ಗುಳಿಮಂಡಲ ಅಲುಗಾಡದೆ ಕುಳಿತಿರುತ್ತದೆ. ಹಸಿರು, ಕಂದು, ಹಳದಿ ಹೀಗೆ ನಾನಾ ಬಣ್ಣದಲ್ಲಿ ಕಾಣಿಸಿಕೊಳ್ಳುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನೋಡದೆ ಎಲ್ಲಿಯೂ ಕೈ ಊರಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವ್ಯಕ್ತಿಯನ್ನು ಹೊತ್ತು ತನ್ನಿ.

ಶಂಕರನಾರಾಯಣದ ಕೃಷಿಕ:

ಇಂಬಳಗಳಿಗೆ ಹೆದರುವವರು ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿಕೊಳ್ಳಲಿ. ಡಿಸೆಂಬರ್‌ನಲ್ಲಿ ಅವುಗಳ ಕಾಟ ಅಷ್ಟಿರುವುದಿಲ್ಲ.

ಹೆಬ್ರಿಯ ನಿವೃತ್ತ ಶಿಕ್ಷಕ:

ತಮ್ಮ ಚಿಕ್ಕಪ್ಪನವರ ವಿಷಯದಲ್ಲಿ ಒಂದು ಮಾತು. ಮೊಣಕಾಲಿನ ತೊಂದರೆಯಿರುವವರಿಗೆ ಬಂಡೆಯಿಂದ ಬಂಡೆಗೆ ಇಳಿಯುವುದೇ ಕಷ್ಟ, ಹತ್ತುವುದಲ್ಲ. ಅವರಿಗಾಗಿ ಬೇರೆ ಜಾಗ ಆರಿಸುವುದಿದ್ದರೆ ನಮ್ಮ ಕಡೆ ಕೂಡ್ಲು ತೀರ್ಥವಿದೆ. ಸೀತಾನದಿಯ ಮೇಲಿನ ಜಲಪಾತ. ಅರಣ್ಯ ಇಲಾಖೆಯ ಗೇಟಿನಲ್ಲಿ ಶುಲ್ಕ ಕೊಟ್ಟು ಕಾಡಿನ ದಾರಿಯಲ್ಲಿ ನಡೆದು ಹೋಗಬಹುದು, ಮಳೆಗಾಲದಲ್ಲಿ ಮುಚ್ಚಿರುತ್ತದೆ. ಅದೂ ಸುಲಭವೆಂದಲ್ಲ, ಆದರೆ ಹೊಳೆಯ ಪಾತ್ರದಲ್ಲೇ ಗಂಟೆಗಟ್ಟಲೆ ನಡೆಯಬೇಕಾಗಿಲ್ಲ. ಅದಕ್ಕಿಂತಲೂ ಸಲೀಸಾದದ್ದು ಜೋಮ್ಲು ತೀರ್ಥ. ಎತ್ತರ ಕಡಿಮೆ, ಆದರೆ ಮಡು ಆಳ.

ಬೆಳ್ತಂಗಡಿಯ ಓದುಗ:

ಬಂಡಾಜೆ ಅರ್ಬಿಯನ್ನೂ ಪರಿಗಣಿಸಬಹುದಲ್ಲವೇ? ಅದಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯೂ ಇದೆ.

ಕಾರ್ಕಳದ ಚಾರಣಿಗ:

ಬಂಡಾಜೆ ಸುಂದರ ಜಾಗ, ಆದರೆ ಅದು ಜಲಪಾತದ ನೆತ್ತಿಗೆ ಏರುವ ಹುಲ್ಲುಗಾವಲಿನ ಚಾರಣ. ಬಿಸಿಲಿಗೆ ಬೆನ್ನು ಒಡ್ಡಿ ದಿನವಿಡೀ ಹತ್ತಬೇಕು. ಇವರು ಕೇಳಿದ್ದು ಕೊರಕಲಿನ ನಡಿಗೆ. ಕೂಸಳ್ಳಿಯೇ ಇರಲಿ. ಒಂದು ವಿಷಯ ಮಾತ್ರ ನನ್ನ ಅನುಭವದಿಂದ ಹೇಳುತ್ತೇನೆ: ಬಂಡೆಗಳ ಹೊಳೆಯಲ್ಲಿ ಇಳಿಯುವ ದಾರಿ ಬೇಗ ಮುಗಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಮಧ್ಯಾಹ್ನದ ಹೊತ್ತಿಗೆ ಕಾಲು ದಣಿದಿರುತ್ತದೆ, ಹೋಗುವಾಗ ಹಿಡಿದಷ್ಟೇ ಸಮಯ ಬರುವಾಗಲೂ ಹಿಡಿಯುತ್ತದೆ. ಮಿಶ್ರ ವಯಸ್ಸಿನ ತಂಡಕ್ಕೆ ಗಂಟೆಗೆ ಒಂದು ಕಿ.ಮೀ. ಎಂದಿಟ್ಟುಕೊಳ್ಳುವುದು ಒಳ್ಳೆಯದು.

ಸುರತ್ಕಲ್ ನಿವಾಸಿ:

ಎಲ್ಲರ ಸಲಹೆಗಳನ್ನು ಮುಂದಿಟ್ಟುಕೊಂಡು ನಿನ್ನೆ ಸಂಜೆ ನಾವೆಲ್ಲ ಕುಳಿತು ಮಾತನಾಡಿದೆವು. ಚಿಕ್ಕಪ್ಪ ತಾವಾಗಿಯೇ ಹೊಳೆಯ ಭಾಗವನ್ನು ಬಿಟ್ಟಿದ್ದಾರೆ; ನಮ್ಮನ್ನು ತೂದಳ್ಳಿಯಲ್ಲಿ ಇಳಿಸಿ, ಅವರು ವಾಹನದೊಂದಿಗೆ ಕೊಲ್ಲೂರಿಗೆ ಹೋಗಿ ದೇವಿಯ ದರ್ಶನ ಮಾಡಿಕೊಂಡು ಮೂರು ಗಂಟೆಗೆ ಮರಳುತ್ತಾರೆ. ನಾಲ್ಕೂವರೆಯೊಳಗೆ ನಾವು ಊರಿಗೆ ಬರದಿದ್ದರೆ ಅವರು ವಲಯ ಕಚೇರಿಗೂ 112ಕ್ಕೂ ಕರೆ ಮಾಡಬೇಕೆಂದು ನಿಶ್ಚಯಿಸಿದ್ದೇವೆ.

ನಸುಕಿನ ನಾಲ್ಕೂವರೆಗೆ ಸುರತ್ಕಲ್ ಬಿಟ್ಟು, ಕುಂದಾಪುರದಲ್ಲಿ ತಿಂಡಿ ಮುಗಿಸಿ, ಎಂಟರ ಹೊತ್ತಿಗೆ ತೂದಳ್ಳಿ. ದಾರಿ ತೋರಿಸುವವರು ಮುಂದೆ, ಬಾಲಕ ಎರಡನೆಯವನು, ನಾನು ಕೊನೆಗೆ. ಹನ್ನೆರಡು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ಹಿಂದಿರುಗುವುದು, ಜಲಪಾತ ಎದುರಿಗೆ ಕಾಣುತ್ತಿದ್ದರೂ ಸರಿ. ಮೇಲಿನ ಹಂತಗಳಿಗೆ ಯಾರೂ ಹೋಗುವುದಿಲ್ಲ. ಊಟಕ್ಕೆ ಚಪಾತಿ, ಪಲ್ಯ ಮತ್ತು ಬಾಳೆಹಣ್ಣು. ಪ್ಲಾಸ್ಟಿಕ್ ತಟ್ಟೆ, ಲೋಟಗಳಿಲ್ಲ. ಒಬ್ಬೊಬ್ಬರಿಗೂ ಒಂದು ಟಾರ್ಚ್, ಒಂದು ಸೀಟಿ. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲವೆಂದು ಸೀಟಿಯ ಸಲಹೆ ಕೊಟ್ಟದ್ದು ಬಾಲಕನೇ. ಶುಕ್ರವಾರದಿಂದ ಮಳೆಯ ಎಚ್ಚರಿಕೆ ನೋಡುತ್ತಿರುತ್ತೇವೆ. ಉಡುಪಿಗೋ ಶಿವಮೊಗ್ಗಕ್ಕೋ ಹಳದಿ ಬಂದರೆ ಮುಂದಿನ ವಾರಕ್ಕೆ ಮುಂದೂಡುತ್ತೇವೆ. ಇದರಲ್ಲಿ ಕೊರತೆಯೇನಾದರೂ ಕಂಡರೆ ತಿಳಿಸಬೇಕಾಗಿ ವಿನಂತಿ.

ಬೈಂದೂರು ಕಡೆಯವ:

ಯೋಜನೆ ಸರಿಯಾಗಿದೆ, ಒಂದೇ ಒಂದು ತಿದ್ದುಪಡಿ. ವಾಹನ ಕೊಲ್ಲೂರಿಗೆ ಹೋದರೆ, ಯಾರಿಗಾದರೂ ಕಾಲು ಉಳುಕಿ ಹತ್ತು ಗಂಟೆಗೇ ಹಿಂದಿರುಗಬೇಕಾಗಿ ಬಂದಾಗ ತೂದಳ್ಳಿಯಲ್ಲಿ ನಿಮಗೆ ವಾಹನ ಇರುವುದಿಲ್ಲ, ಹೊಳೆಯ ಒಳಗಿನಿಂದ ಚಿಕ್ಕಪ್ಪನವರಿಗೆ ಫೋನ್ ಮಾಡಲೂ ಆಗುವುದಿಲ್ಲ. 9 ಮಂದಿಗೆ ಹೇಗೂ ಎರಡು ಕಾರು ಬೇಕಲ್ಲ. ಒಂದು ಕೊಲ್ಲೂರಿಗೆ ಹೋಗಲಿ, ಇನ್ನೊಂದು ಊರಿನಲ್ಲೇ ನಿಂತಿರಲಿ. ಅದರ ಕೀಲಿಕೈಯನ್ನು ಚೀಲದಲ್ಲಿಟ್ಟು ಹೊಳೆಗೆ ತರಬೇಡಿ, ದಾರಿ ತೋರಿಸುವವರ ಮನೆಯಲ್ಲಿ ಕೊಟ್ಟು ಬನ್ನಿ.